ಮರ್ಯಾದಸ್ಥರ ಒಂದು ಸಹಿ

2019ರ ಜೂನ್ 10. ಈದುಲ್ ಫಿತ್ರ್ ಕಳೆದು ಇನ್ನೂ ವಾರ ಆಗಿರಲಿಲ್ಲ. ಬೆಂಗಳೂರು ಶಿವಾಜಿನಗರದ ಲೇಡಿ ಕರ್ಝನ್ ರಸ್ತೆಯಲ್ಲಿ ಐಎಂಎ ಕಂಪೆನಿಯ ಎದುರು ಜನ ಸೇರತೊಡಗಿದರು. ಬುರ್ಖಾ ತೊಟ್ಟ ತಾಯಂದಿರು, ನಿವೃತ್ತರು, ಮಗಳ ಮದುವೆಗೆಂದು ಕೂಡಿಟ್ಟವರು. ಎಲ್ಲರ ಕೈಯಲ್ಲೂ ಮೊಬೈಲ್, ಮೊಬೈಲಿನಲ್ಲಿ ಒಂದೇ ಆಡಿಯೊ. ಕಂಪೆನಿಯ ಮಾಲಕ ಮುಹಮ್ಮದ್ ಮನ್ಸೂರ್ ಖಾನ್ ಅಧಿಕಾರಿಗಳಿಗೂ ರಾಜಕಾರಣಿಗಳಿಗೂ ಲಂಚ ಕೊಟ್ಟು ಸಾಕಾಗಿದೆ, ಇನ್ನು ಬದುಕಿ ಪ್ರಯೋಜನವಿಲ್ಲ ಎಂದು ಹೇಳಿದ್ದ ಆಡಿಯೊ ಅದು. ಅಷ್ಟು ಹೊತ್ತಿಗೆ ಆತ ದುಬೈ ಸೇರಿಯಾಗಿತ್ತು. ಮುಂದೆ ದೂರು ಕೊಟ್ಟವರ ಸಂಖ್ಯೆ 40,000 ದಾಟಿತು.

ಹಣ ಹೋದ ಕಥೆ ನಮಗೆಲ್ಲ ಗೊತ್ತು. ನಾವು ಇವತ್ತು ಹೇಳಹೊರಟದ್ದು ಆ ಹಣಕ್ಕೆ ನಂಬಿಕೆಯ ಮುದ್ರೆ ಒತ್ತಿದವರ ಬಗ್ಗೆ. ಸಮಾಜ ಎದ್ದುನಿಂತು ಸಲಾಂ ಹೇಳುವ ಜನ ಕಾನೂನಿನ ಎದುರು ನಿಂತಾಗ ಏನಾಗುತ್ತದೆ ಎಂಬುದರ ಬಗ್ಗೆ.

ಐಎಂಎಯ ಬಂಡವಾಳ ಚಿನ್ನವಲ್ಲ, ಮರ್ಯಾದೆ. ಬಡ್ಡಿಯಲ್ಲ, ಹಲಾಲ್ ಲಾಭದ ಪಾಲು ಅಂತ ಹೇಳಿದರು. ಶಿವಾಜಿನಗರದ ವಿ.ಕೆ. ಉಬೈದುಲ್ಲಾ ಸರಕಾರಿ ಶಾಲೆಗೆ ಹೊಸ ರೂಪ ಕೊಟ್ಟರು. ವೇದಿಕೆಯಲ್ಲಿ ದೊಡ್ಡವರು ಪಕ್ಕದಲ್ಲಿ ಕೂತರು. ಹಣ ಹಾಕಿದವರನ್ನು ಠೇವಣಿದಾರರು ಎನ್ನದೆ ಪಾಲುದಾರರೆಂದು ಕಾಗದದಲ್ಲಿ ತೋರಿಸಿ, ಠೇವಣಿದಾರರ ರಕ್ಷಣೆಯ ಕಾನೂನು ತಮಗೆ ಅನ್ವಯಿಸುವುದಿಲ್ಲ ಅಂತ ವಾದಿಸಿದರು. ಆ ವಾದ ಸರಿಯೋ ತಪ್ಪೋ ಎಂದು ಪರಿಶೀಲಿಸಬೇಕಾಗಿದ್ದವರು ಕಂದಾಯ ಇಲಾಖೆಯ ಅಧಿಕಾರಿಗಳು.

ಅಲ್ಲಿಯೇ ತನಿಖೆ ಬಂದು ನಿಂತಿತು. 2019ರ ಜುಲೈಯಲ್ಲಿ ವಿಶೇಷ ತನಿಖಾ ತಂಡ ಆಗಿನ ಬೆಂಗಳೂರು ನಗರ ಜಿಲ್ಲಾಧಿಕಾರಿ, ಐಎಎಸ್ ಅಧಿಕಾರಿ ಬಿ.ಎಂ. ವಿಜಯಶಂಕರ್ ಅವರನ್ನು ಬಂಧಿಸಿತು. ಕಂಪೆನಿಗೆ ಅನುಕೂಲವಾದ ವರದಿಗಾಗಿ 1.5 ಕೋಟಿ ರೂಪಾಯಿ ಪಡೆದರೆಂಬುದು ಆರೋಪ. ಅವರ ಕೆಳಗಿನ ಅಧಿಕಾರಿಯೂ ಬಂಧನಕ್ಕೊಳಗಾದರು. ಶಿವಾಜಿನಗರದ ಒಬ್ಬ ಮೌಲ್ವಿಯವರನ್ನೂ ಕರೆದೊಯ್ದರು. ಮನ್ಸೂರ್ ಖಾನ್ ಅದೇ ಜುಲೈ 19ರಂದು ದಿಲ್ಲಿಗೆ ಬಂದಿಳಿದಾಗ ಬಂಧನವಾಯಿತು. ಆಗಸ್ಟಿನಲ್ಲಿ ಪ್ರಕರಣ ಸಿಬಿಐ ಕೈಗೆ ಹೋಯಿತು. 2020ರ ನವೆಂಬರಿನಲ್ಲಿ ಮಾಜಿ ಸಚಿವ ರೋಷನ್ ಬೇಗ್ ಅವರನ್ನು ಸಿಬಿಐ ಬಂಧಿಸಿತು.

ಬಂಧನ ಎಂದರೆ ತೀರ್ಪು ಅಲ್ಲ. ಇದನ್ನು ನಾವು ಮರೆಯಬಾರದು. ಇದೇ ಪ್ರಕರಣದಲ್ಲಿ ಒಬ್ಬ ಹಿರಿಯ ಐಪಿಎಸ್ ಅಧಿಕಾರಿಯ ಮೇಲಿದ್ದ ಕೇಸನ್ನು 2021ರಲ್ಲಿ ಹೈಕೋರ್ಟ್ ರದ್ದು ಮಾಡಿತು. ವಿಜಯಶಂಕರ್ 2020ರ ಜೂನ್‌ನಲ್ಲಿ ತೀರಿಕೊಂಡರು; ಅವರ ವಿಚಾರಣೆ ಮುಗಿಯುವ ದಿನ ಬರಲೇ ಇಲ್ಲ. ಆದರೆ ವೃತ್ತಿ ಮತ್ತು ಹೆಸರು ತೀರ್ಪಿಗೆ ಕಾಯುವುದಿಲ್ಲ. ನಿಯಮವೇ ಹಾಗಿದೆ: ಸರಕಾರಿ ನೌಕರ 48 ಗಂಟೆಗಿಂತ ಹೆಚ್ಚು ಕಸ್ಟಡಿಯಲ್ಲಿದ್ದರೆ ಅಮಾನತು ಆದಂತೆಯೇ. ಸಂಬಳ ನಿಂತು ಜೀವನಾಧಾರ ಭತ್ಯೆ ಮಾತ್ರ ಬರುತ್ತದೆ. ಲಂಚ ಪಡೆದದ್ದು ಸಾಬೀತಾದರೆ ಭ್ರಷ್ಟಾಚಾರ ತಡೆ ಕಾಯ್ದೆಯಡಿ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಶಿಕ್ಷೆಯಾದವರನ್ನು ಮತ್ತೆ ಇಲಾಖಾ ವಿಚಾರಣೆ ನಡೆಸದೆಯೇ ವಜಾ ಮಾಡಲು ಸಂವಿಧಾನದ 311ನೇ ವಿಧಿ ಅವಕಾಶ ಕೊಡುತ್ತದೆ. ಪಿಂಚಣಿಗೂ ಕುತ್ತು. ಇನ್ನೊಂದು ಮಾತು: ಕೋರ್ಟಿನಲ್ಲಿ ಬಿಡುಗಡೆಯಾದರೂ ಇಲಾಖಾ ವಿಚಾರಣೆ ತಾನಾಗಿ ಮುಗಿಯುವುದಿಲ್ಲ. ಎರಡರ ದಾರಿ ಬೇರೆ, ಸಾಕ್ಷಿಯ ಅಳತೆಯೂ ಬೇರೆ.

ಖಾಸಗಿ ವೃತ್ತಿಯವರಿಗೂ ಹೀಗೆಯೇ. ನೈತಿಕ ಅಧಃಪತನದ ಅಪರಾಧಕ್ಕೆ ಶಿಕ್ಷೆಯಾದ ಚಾರ್ಟರ್ಡ್ ಅಕೌಂಟೆಂಟ್‌ನ ಹೆಸರು 1949ರ ಕಾಯ್ದೆಯಂತೆ ಸಂಸ್ಥೆಯ ರಿಜಿಸ್ಟರ್‌ನಿಂದ ಹೋಗಬಹುದು. ವಕೀಲರ ವಿರುದ್ಧ ರಾಜ್ಯ ವಕೀಲರ ಪರಿಷತ್ತು ಎಚ್ಚರಿಕೆಯಿಂದ ಹಿಡಿದು ಹೆಸರು ತೆಗೆದುಹಾಕುವ ತನಕ ಕ್ರಮ ಕೈಗೊಳ್ಳಬಹುದು. ಡಾಕ್ಟರ್ ವಿರುದ್ಧ ವೈದ್ಯಕೀಯ ಪರಿಷತ್ತು ಇದೆ. ಶಾಸಕ, ಸಂಸದರಿಗೆ 2 ವರ್ಷ ಅಥವಾ ಹೆಚ್ಚು ಶಿಕ್ಷೆಯಾದರೆ 2013ರ ಸುಪ್ರೀಂ ಕೋರ್ಟ್ ತೀರ್ಪಿನಿಂದೀಚೆಗೆ ಸ್ಥಾನ ಕೂಡಲೇ ಹೋಗುತ್ತದೆ; ಬಿಡುಗಡೆಯ ಬಳಿಕವೂ 6 ವರ್ಷ ಚುನಾವಣೆಗೆ ನಿಲ್ಲುವಂತಿಲ್ಲ. ಸಾಮಾನ್ಯ ಕಳ್ಳ ಜೈಲಿನಿಂದ ಬಂದು ತನ್ನ ಹಳೆಯ ಗಾಡಿ ಮತ್ತೆ ತಳ್ಳಬಹುದು. ಪದವಿಯಿಂದ ಬದುಕಿದವನಿಗೆ ಗಾಡಿಯೇ ಕೈಯಲ್ಲಿ ಉಳಿಯುವುದಿಲ್ಲ.

ಇದು ಅನ್ಯಾಯವೇ? ನಮಗೆ ಹಾಗನಿಸುವುದಿಲ್ಲ. ಬೀದಿಯ ಕಳ್ಳನನ್ನು ಕಂಡರೆ ನಾವು ಪಾಕೀಟು ಹಿಡಿದುಕೊಳ್ಳುತ್ತೇವೆ. ಕೋಟು, ಬಿರುದು, ಗಡ್ಡ, ಸರಕಾರಿ ಮುದ್ರೆ ಕಂಡರೆ ಪಾಕೀಟು ತೆರೆದು ಕೊಡುತ್ತೇವೆ. ಆ ಸಹಿ ಸುಳ್ಳಾದರೆ ಹೋಗುವುದು ಒಬ್ಬರ ಹಣ ಮಾತ್ರವಲ್ಲ, ಒಂದು ಮೊಹಲ್ಲಾದ ಅಮಾನತ್. ಅದಕ್ಕೇ ಕಾನೂನು ಸ್ವಾತಂತ್ರ್ಯವನ್ನೂ ಲೈಸೆನ್ಸನ್ನೂ ಒಟ್ಟಿಗೆ ಕೇಳುತ್ತದೆ.

ಈ ಹಗರಣ ಬಯಲಾದ ವರ್ಷವೇ ಸಂಸತ್ತು ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆ ತಂದಿತು. ಅದರಲ್ಲಿ ಹಣ ತೆಗೆದುಕೊಂಡವರಿಗೆ ಮಾತ್ರವಲ್ಲ, ಗೊತ್ತಿದ್ದೂ ಸುಳ್ಳು ಹೇಳಿ ಇನ್ನೊಬ್ಬರಿಂದ ಹಣ ಹಾಕಿಸಿದವರಿಗೂ 1ರಿಂದ 5 ವರ್ಷ ಜೈಲು ಇದೆ. ಕಮಿಷನ್ ಆಸೆಗೆ ನೆಂಟರ ಮನೆ ಮನೆ ಸುತ್ತುವ ನಮ್ಮ ಹುಡುಗರು ಇದನ್ನು ಎರಡು ಸಲ ಓದಬೇಕು. ವೇದಿಕೆಯಲ್ಲಿ ಹೊಗಳಿ ಮಾತಾಡುವ ದೊಡ್ಡವರು ಮೂರು ಸಲ.

ಹಾಗಾದರೆ ಮನೆಯವರು ಏನು ಮಾಡಬೇಕು? ಊರಿನಿಂದ ಬಂದು ಶಿವಾಜಿನಗರದಲ್ಲೋ ಹಲಸೂರಿನಲ್ಲೋ ಅಂಗಡಿ ಇಟ್ಟವರು, ಕೆ.ಆರ್. ಪುರದಲ್ಲಿ ಬಾಡಿಗೆ ಮನೆ ಹಿಡಿದವರು ಬೆವರಿನ ಹಣ ಕೊಡುವ ಮುಂಚೆ ಕೇಳಲಿ. ಈ ಕಂಪೆನಿ ಠೇವಣಿ ತೆಗೆದುಕೊಳ್ಳಲು ಯಾರ ಅನುಮತಿ ಪಡೆದಿದೆ? ರಿಸರ್ವ್ ಬ್ಯಾಂಕಿನ 'ಸಚೇತ್' ತಾಣದಲ್ಲಿ ಅದನ್ನು ನೋಡಬಹುದು, ದೂರನ್ನೂ ಅಲ್ಲೇ ಕೊಡಬಹುದು. ಲೆಕ್ಕ ಪರಿಶೋಧಕರ ಪ್ರಮಾಣಪತ್ರ ತೋರಿಸಿದರೆ ಅದರಲ್ಲಿ 18 ಅಂಕಿ-ಅಕ್ಷರಗಳ ಯುಡಿಐಎನ್ ಇರಬೇಕು; ಅದನ್ನು ಆನ್‌ಲೈನ್‌ನಲ್ಲಿ ಪರಿಶೀಲಿಸಬಹುದು. ಕೇಳಿದ್ದಕ್ಕೆ 'ನಂಬಿಕೆ ಇಲ್ವಾ?' ಅಂತ ಯಾರಾದರೂ ಮುಖ ಸಿಂಡರಿಸಿದರೆ, ಅಲ್ಲಿಂದ ಎದ್ದು ಬರುವುದೇ ಒಳ್ಳೆಯದು.

ಇನ್ನು ನಮ್ಮ ಮಕ್ಕಳು. ಡಾಕ್ಟರ್ ಆಗಲಿ, ಸಿಎ ಆಗಲಿ, ಕೆಎಎಸ್ ಬರೆಯಲಿ ಅಂತ ಎಲ್ಲ ಬ್ಯಾರಿ ಮನೆಗಳಲ್ಲೂ ಈಗ ಆಸೆಯಿದೆ. ಅದು ಸಂತೋಷದ ವಿಷಯ. ಆದರೆ ಪದವಿ ಬಂದ ದಿನ ಬಿರಿಯಾನಿ ಹಂಚುವಾಗ ಒಂದು ಮಾತನ್ನೂ ಕೊಡೋಣ: "ಮಗನೇ, ನಿನ್ನ ಸಹಿ ನೋಡಿ ಯಾರೋ ಉಮ್ಮ ತನ್ನ ಬಳೆ ಮಾರಿ ಹಣ ಕೊಡುತ್ತಾಳೆ. ಸಹಿ ಹಾಕುವ ಮುಂಚೆ ಅವಳ ಮುಖ ನೆನಪಿಸಿಕೋ."