ಕಲಿಕಾ ಫಲ: ಸುತ್ತೋಲೆಯಿಂದ ತರಗತಿಯವರೆಗೆ

ನಮ್ಮ ಬೋಧನಾಭ್ಯಾಸದ ಪಾಠ ಯೋಜನೆಯಲ್ಲಿ ‘ಕಲಿಕಾ ಫಲ’ ಎಂಬ ಒಂದು ಅಂಕಣವಿದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ತಾಲ್ಲೂಕುಗಳ ಶಾಲೆಗಳಿಗೆ ಪಾಠ ವೀಕ್ಷಣೆಗೆ ಹೋದಾಗ ನಾನು ಮೊದಲು ನೋಡುವುದು ಆ ಅಂಕಣವನ್ನು. ಬಹುಪಾಲು ಯೋಜನೆಗಳಲ್ಲಿ ಅಲ್ಲಿರುವುದು ಕೈಪಿಡಿಯ ವಾಕ್ಯದ ಯಥಾಪ್ರತಿ. ಅಕ್ಷರ ದುಂಡಾಗಿರುತ್ತದೆ, ವಾಕ್ಯದಲ್ಲಿ ತಪ್ಪಿರುವುದಿಲ್ಲ. ಆದರೆ ಪಾಠ ಮುಗಿದ ಮೇಲೆ “ಈ ಫಲ ಯಾವ ಮಗುವಿಗೆ ಬಂತು, ಹೇಗೆ ಗೊತ್ತಾಯಿತು?” ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ರಾಜ್ಯ ಮಟ್ಟದಲ್ಲಿ ಗೊತ್ತುಪಡಿಸಿದ ಮಾನದಂಡವೊಂದು ತಾಲ್ಲೂಕಿನ ತರಗತಿಗೆ ಇಳಿಯುವ ದಾರಿ ತಿಳಿದಿದ್ದರೆ ಈ ಅಂಕಣವನ್ನು ತುಂಬುವ ರೀತಿಯೂ ಬದಲಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಮಾನದಂಡಗಳು ನಮಗೆ ಹೊಸವಲ್ಲ. 1991ರಲ್ಲಿ ದವೆ ಸಮಿತಿ ‘ಕನಿಷ್ಠ ಕಲಿಕಾ ಮಟ್ಟ’ಗಳನ್ನು ಮುಂದಿಟ್ಟಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ರಚನಾವಾದದ ಮಾತು ತಂದಿತು. 2017ರಲ್ಲಿ ಎನ್.ಸಿ.ಇ.ಆರ್.ಟಿ. ಪ್ರಾಥಮಿಕ ಹಂತದ ಕಲಿಕಾ ಫಲಗಳನ್ನು ಪ್ರಕಟಿಸಿತು. ಅದೇ ವರ್ಷ ಶಿಕ್ಷಣ ಹಕ್ಕು ಕಾಯ್ದೆಯ ನಿಯಮಗಳಿಗೂ ಕಲಿಕಾ ಫಲದ ಪ್ರಸ್ತಾಪ ಸೇರಿತು. 2021ರ ಜುಲೈನಲ್ಲಿ ಆರಂಭವಾದ ನಿಪುಣ್ ಭಾರತ್, ಮೂರನೇ ತರಗತಿ ಮುಗಿಯುವಷ್ಟರಲ್ಲಿ ಪ್ರತಿ ಮಗುವಿಗೂ ಬುನಾದಿ ಸಾಕ್ಷರತೆ ಮತ್ತು ಸಂಖ್ಯಾಜ್ಞಾನ ದಕ್ಕಬೇಕೆಂದು 2026-27ರ ಗಡುವು ಇಟ್ಟಿತು. ಹೆಸರುಗಳು ಬದಲಾಗುತ್ತ ಬಂದಿವೆ. ‘ಉದ್ದೇಶ’ ಎಂದರೆ ಶಿಕ್ಷಕರು ಮಾಡಬೇಕೆಂದುಕೊಂಡದ್ದು, ‘ಫಲ’ ಎಂದರೆ ಮಗು ಮಾಡಿ ತೋರಿಸಿದ್ದು. ಈ ಒಂದು ವ್ಯತ್ಯಾಸವನ್ನಾದರೂ ಪ್ರಶಿಕ್ಷಣಾರ್ಥಿಗಳು ಗಟ್ಟಿಯಾಗಿ ಹಿಡಿದುಕೊಳ್ಳಬೇಕು.

ಇದು ಇಳಿದು ಬರುವ ಮೆಟ್ಟಿಲುಗಳು ಎಲ್ಲರಿಗೂ ಗೊತ್ತು: ಡಿ.ಎಸ್.ಇ.ಆರ್.ಟಿ.ಯಿಂದ ಮೈಸೂರಿನ ಡಯಟ್‌ಗೆ, ಅಲ್ಲಿಂದ ತಾಲ್ಲೂಕಿನ ಬಿ.ಆರ್.ಸಿ.ಗೆ, ನಂತರ ಕ್ಲಸ್ಟರಿಗೆ, ಕೊನೆಗೆ ಶಾಲೆಗೆ. ಮೇಲೆ ಹಲವು ದಿನ ನಡೆದ ಚರ್ಚೆ ಕೆಳಗೆ ಬರುವಷ್ಟರಲ್ಲಿ ಒಂದೆರಡು ದಿನದ ತರಬೇತಿಯಾಗಿರುತ್ತದೆ. ಸಂಪನ್ಮೂಲ ವ್ಯಕ್ತಿ ‘ಏಕೆ’ ಎಂಬುದನ್ನು ಕೇಳಿಸಿಕೊಂಡು ಬಂದಿರುತ್ತಾರೆ, ಶಾಲೆಗೆ ತಲುಪುವುದು ‘ಯಾವ ನಮೂನೆ ತುಂಬಬೇಕು’ ಎಂಬುದು. ಇದಕ್ಕೆ ಯಾರೋ ಒಬ್ಬರನ್ನು ದೂರಿ ಪ್ರಯೋಜನವಿಲ್ಲ. ಎತ್ತರದಿಂದ ಸುರಿದ ನೀರು ಅಕ್ಕಪಕ್ಕ ಚೆಲ್ಲುವುದು ಸಹಜ.

ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆದ ಕೆಲಸವೊಂದು ನಮ್ಮ ಜಿಲ್ಲೆಯಲ್ಲೇ ಇದೆ. 1995ರಲ್ಲಿ ಎಚ್.ಡಿ.ಕೋಟೆ ತಾಲ್ಲೂಕಿನ ಶಿಕ್ಷಕರ ತಂಡವೊಂದು ಯುನಿಸೆಫ್ ನೆರವಿನೊಂದಿಗೆ ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಸಣ್ಣ ಹಳ್ಳಿಶಾಲೆಗಳು ನಡೆಯುವ ಬಗೆಯನ್ನು ನೋಡಿ ಬಂತು. ಬಂದವರು ಕನಿಷ್ಠ ಕಲಿಕಾ ಮಟ್ಟದ ಸಾಮರ್ಥ್ಯಗಳನ್ನೇ ಕೈಗೆತ್ತಿಕೊಂಡು, ಅವನ್ನು ಒಡೆದು, ಮಗು ಕಲಿಯುವ ಕ್ರಮಕ್ಕೆ ತಕ್ಕಂತೆ ಮತ್ತೆ ಜೋಡಿಸಿದರು. ಆ ಜೋಡಣೆಯೇ ಕಲಿಕಾ ಏಣಿ. ಏಣಿಯಲ್ಲಿ ಮೈಲಿಗಲ್ಲುಗಳು, ಒಂದೊಂದು ಮೈಲಿಗಲ್ಲಿಗೂ ಕಾರ್ಡುಗಳು, ಕಾರ್ಡಿಗೊಂದು ಲೋಗೊ. ಓದು ಬಾರದ ಮಗುವೂ ಚಿತ್ರ ನೋಡಿ ತನ್ನ ಮುಂದಿನ ಕೆಲಸ ಯಾವುದೆಂದು ತಿಳಿಯಬಹುದು. ‘ನಲಿ-ಕಲಿ’ ಹುಟ್ಟಿದ್ದು ಹೀಗೆ. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಶಾಲೆಗಳ ಒಂದು ಮತ್ತು ಎರಡನೇ ತರಗತಿಗಳಿಗೆ ವಿಸ್ತರಿಸಿತು. ನಮ್ಮ ಪ್ರಶಿಕ್ಷಣಾರ್ಥಿಗಳು ನಲಿ-ಕಲಿ ಎಂದರೆ ತಟ್ಟೆ, ಚಪ್ಪರ, ಬಣ್ಣದ ಕಾರ್ಡು ಎಂದು ನೆನಪಿಟ್ಟುಕೊಳ್ಳುತ್ತಾರೆ. ಅದರ ಜೀವ ಇರುವುದು ಬೇರೆ ಕಡೆ. ಎರಡು ವಾರ ಶಾಲೆಗೆ ಬಾರದ ಮಗು ಮರಳಿ ಬಂದಾಗ ತರಗತಿ ತಲುಪಿದ ಪುಟದಿಂದಲ್ಲ, ತಾನು ನಿಲ್ಲಿಸಿದ ಮೆಟ್ಟಿಲಿನಿಂದ ಮುಂದುವರಿಯುತ್ತದೆ.

ಈ ನಾಲ್ಕು ತಾಲ್ಲೂಕುಗಳಲ್ಲಿ ಇದು ಸಣ್ಣ ಮಾತಲ್ಲ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಕೊಯ್ದು ಬ್ಯಾರನ್‌ಗೆ ಏರಿಸುವ ದಿನಗಳಲ್ಲಿ ಮನೆಮಂದಿಗೆಲ್ಲ ಕೆಲಸ, ಹಾಜರಿ ತೆಳುವಾಗುತ್ತದೆ. ಎಚ್.ಡಿ.ಕೋಟೆ ಮತ್ತು ಹುಣಸೂರಿನ ಕಾಡಂಚಿನ ಹಾಡಿಗಳಿಂದ ಕಾಫಿ ಹಣ್ಣು ಬಿಡಿಸುವ ಕಾಲಕ್ಕೆ ಕುಟುಂಬಗಳು ಕೊಡಗಿಗೆ ಹೋಗುತ್ತವೆ, ಮಕ್ಕಳೂ ಜೊತೆಗೆ. ಜೇನುಕುರುಬರ ಮಗುವಿಗೆ ಮನೆಯ ಮಾತು ಬೇರೆ, ಪುಸ್ತಕದ ಕನ್ನಡ ಬೇರೆ. ಕೆ.ಆರ್.ನಗರದ ನಾಲೆ ಬಯಲಿನ ಶಾಲೆಯ ಚಿತ್ರ ಇನ್ನೊಂದು. ಒಂದೇ ವಾಕ್ಯದ ಕಲಿಕಾ ಫಲ ಇಷ್ಟೂ ಕಡೆ ಒಂದೇ ತಿಂಗಳಲ್ಲಿ ದಕ್ಕಬೇಕೆನ್ನುವುದು ಕಾಗದದ ನಿರೀಕ್ಷೆ.

ಈಗ ಒಂದು ಫಲವನ್ನೇ ಎತ್ತಿಕೊಳ್ಳೋಣ. ಮೂರನೇ ತರಗತಿಯ ಗಣಿತ: 999ರವರೆಗಿನ ಸಂಖ್ಯೆಗಳನ್ನು ಸ್ಥಾನಬೆಲೆ ಬಳಸಿ ಓದುವುದು, ಬರೆಯುವುದು. ಹೇಳಲು ಒಂದು ಸಾಲು. “ಮುನ್ನೂರ ಐದು ಬರೆಯಿರಿ” ಎಂದಾಗ ಒಂದು ಮಗು 3005 ಎಂದು ಬರೆಯುತ್ತದೆ, ಇನ್ನೊಂದು 35 ಎನ್ನುತ್ತದೆ. ಎರಡಕ್ಕೂ ಕೆಂಪು ಗೆರೆ ಎಳೆದು ‘ಸಾಧಿಸಿಲ್ಲ’ ಎಂದರೆ ನಮಗೆ ತಿಳಿದದ್ದು ಏನೂ ಇಲ್ಲ. ಮೊದಲ ಮಗು ಕಿವಿಗೆ ಬಿದ್ದದ್ದನ್ನೇ ಬರೆದಿದೆ: ಮುನ್ನೂರು, ಆಮೇಲೆ ಐದು. ಅದಕ್ಕೆ ನೂರರ ಅರಿವಿದೆ, ಸ್ಥಾನದ ಅರಿವಿಲ್ಲ. ಎರಡನೆಯದಕ್ಕೆ ಖಾಲಿ ಇರುವ ಹತ್ತರ ಮನೆಯಲ್ಲಿ ಸೊನ್ನೆ ಕೂರಬೇಕೆಂದು ಗೊತ್ತಿಲ್ಲ. ನೂರರ ಮೂರು ಆಟದ ನೋಟು, ಒಂದು ರೂಪಾಯಿಯ ಐದು ನಾಣ್ಯ ಕೊಟ್ಟು ಮೂರು ಮನೆಗಳ ಹಾಳೆಯ ಮೇಲೆ ಇಡಿಸಿ ನೋಡಿ. ನಡುವಿನ ಮನೆ ಖಾಲಿ ಇರುವುದನ್ನು ಮಗುವೇ ಹೇಳುತ್ತದೆ. ಪಾಠ ಯೋಜನೆಯ ಅಂಕಣದಲ್ಲಿ ಬರಬೇಕಾದದ್ದು ಇದು: ‘ಹತ್ತರ ಸ್ಥಾನ ಖಾಲಿ ಇರುವ ಮೂರಂಕಿ ಸಂಖ್ಯೆಯನ್ನು ಕೇಳಿ ಬರೆಯುತ್ತದೆ; ಸಾಕ್ಷ್ಯ: 305, 407, 820ರ ಉಕ್ತಲೇಖನ’. 820 ಏಕೆಂದು ಪ್ರಶಿಕ್ಷಣಾರ್ಥಿಗಳು ಕೇಳುತ್ತಾರೆ. ಸೊನ್ನೆ ಯಾವಾಗಲೂ ನಡುವೆಯೇ ಬರುತ್ತದೆಂದು ಮಗು ಕಂಠಪಾಠ ಮಾಡಿಕೊಂಡಿಲ್ಲವೆಂದು ಖಚಿತಪಡಿಸಿಕೊಳ್ಳಲು.

ಕೋವಿಡ್ ನಂತರದ 2022-23ನ್ನು ರಾಜ್ಯವು ‘ಕಲಿಕಾ ಚೇತರಿಕೆ’ಯ ವರ್ಷವೆಂದು ಘೋಷಿಸಿತು. ಅಂದು ಶಾಲೆಗಳು ಎರಡು ವಾರ ಮೊದಲೇ, ಮೇ 16ರಂದೇ ತೆರೆದವು. ಕಲಿಕಾ ಹಾಳೆಗಳು ಮತ್ತು ಶಿಕ್ಷಕರ ಕೈಪಿಡಿಯ ಮೂಲಕ ಕಲಿಕಾ ಫಲದ ಮಾತು ಮೇಲಿನ ತರಗತಿಗಳನ್ನೂ ಮುಟ್ಟಿತು. ಹಿಂದಿನ ತರಗತಿಗಳ ಫಲಕ್ಕೆ ಹಿಂತಿರುಗುವುದು ನಾಚಿಕೆಯ ವಿಷಯವಲ್ಲ ಎಂಬುದನ್ನು ಸುತ್ತೋಲೆಯೇ ಒಪ್ಪಿತಲ್ಲ, ಅದು ನನಗೆ ಮುಖ್ಯವಾಗಿ ಕಂಡಿತು. ಹಾಳೆ ತುಂಬಿದ್ದನ್ನೇ ಕಲಿಕೆ ಎಂದುಕೊಳ್ಳುವ ಅಪಾಯ ಅಲ್ಲಿಯೂ ಇತ್ತು. ಕಪ್ಪುಹಲಗೆಯ ಉತ್ತರವನ್ನು ನೋಡಿ ಬರೆದ ಮೂವತ್ತು ಹಾಳೆಗಳು ಒಂದೇ ಥರ ಇರುತ್ತವೆ. ಮಗು ತಾನೇ ಮಾಡಿದ ಹಾಳೆಯಲ್ಲಿ ಒರೆಸಿದ ಗುರುತಿರುತ್ತದೆ.

ಬೋಧನಾಭ್ಯಾಸದ ಕೆಲವೇ ವಾರಗಳಲ್ಲಿ ಪ್ರಶಿಕ್ಷಣಾರ್ಥಿ ಏನು ಮಾಡಬಹುದು? ಇಡೀ ತರಗತಿಯ ಎಲ್ಲ ಫಲಗಳನ್ನು ಬೆನ್ನಟ್ಟುವುದು ಬೇಡ. ಒಂದು ಘಟಕ, ಎರಡು ಫಲ, ಐದಾರು ಮಕ್ಕಳು ಸಾಕು. ಮೊದಲ ದಿನ ಆ ಮಕ್ಕಳು ಏನು ಬರೆದರೆಂಬುದನ್ನು ನೋಟ್‌ಬುಕ್ಕಿನಿಂದ ನಕಲು ಮಾಡಿಕೊಳ್ಳಿ, ಕೊನೆಯ ವಾರದಲ್ಲಿ ಮತ್ತೆ ನಕಲು ಮಾಡಿ. ‘ಸಾಧಿಸಿದೆ’ ಎಂದು ಗುರುತು ಹಾಕುವ ಮುನ್ನ ಎರಡು ಬೇರೆ ದಿನಗಳ ಸಾಕ್ಷ್ಯವಿರಲಿ, ಮಾಡಿದ ದಿನವೇ ಬಂದದ್ದು ಮರುದಿನಕ್ಕೆ ಉಳಿಯದಿರಬಹುದು. ಗೈರಾದ ಮಗುವಿನ ಹೆಸರಿನ ಮುಂದೆ ಖಾಲಿ ಬಿಡಿ, ಊಹಿಸಿ ತುಂಬಬೇಡಿ. ತಪ್ಪಾಗಿ ಬಿದ್ದ ಒಂದು ಗುರುತಿನಿಂದ ಆ ಮಗು ಮುಂದಿನ ತರಗತಿಯ ಶಿಕ್ಷಕರ ಕಣ್ಣಿಗೆ ಕಲಿತ ಮಗುವಾಗಿಯೇ ಕಾಣುತ್ತದೆ, ಆಮೇಲೆ ಸ್ಥಾನಬೆಲೆಯನ್ನು ಅದಕ್ಕೆ ಮತ್ತೆ ಹೇಳಿಕೊಡುವವರು ಯಾರೂ ಇರುವುದಿಲ್ಲ. ಬೋಧನಾಭ್ಯಾಸ ಮುಗಿದ ದಿನ ಈ ಟಿಪ್ಪಣಿಯ ಒಂದು ಪ್ರತಿಯನ್ನು ತರಗತಿ ಶಿಕ್ಷಕರಿಗೆ ಕೊಟ್ಟು, ಅವರ ಸಹಿ ಪಡೆದ ಇನ್ನೊಂದು ಪ್ರತಿಯನ್ನು ನಿಮ್ಮ ಕಡತದಲ್ಲಿ ಸೇರಿಸಿ. ನಾನು ವೀಕ್ಷಣೆಗೆ ಬಂದಾಗ ಪಾಠ ಯೋಜನೆಗಿಂತ ಮೊದಲು ಅದನ್ನು ಕೇಳುತ್ತೇನೆ.