ಶಿಶುವಿಹಾರದಲ್ಲಿ ಹಿಮದ ಪಾಠ

ಮಕ್ಕಳ ಆಟವು ಇತಿಹಾಸದ ಅಭ್ಯಾಸಕ್ಕೆ ತಕ್ಕ ವಸ್ತುವೇ ಎಂಬ ಸಂದೇಹವು ವಾಚಕರಲ್ಲಿ ಮೂಡಬಹುದು. ಆದರೆ ಒಂದು ರಾಜ್ಯವು ಎಳೆಯರ ಆಟದ ಶಾಲೆಗಳಿಗೆ ಅಂಜಿ ಅವುಗಳನ್ನು ಮುಚ್ಚಿಸಿದ ಸಂಗತಿಯೂ ಇತಿಹಾಸದಲ್ಲಿ ಉಂಟು. ಫ್ರೀಡ್ರಿಖ್ ಫ್ರೋಬೆಲನು (1782–1852) ಜರ್ಮನಿಯ ಬ್ಲಾಂಕೆನ್‌ಬುರ್ಗಿನಲ್ಲಿ 1837ರಲ್ಲಿ ಆರಂಭಿಸಿದ ಸಂಸ್ಥೆಗೆ 1840ರಲ್ಲಿ 'ಕಿಂಡರ್‌ಗಾರ್ಟನ್', ಎಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟನು. ಇಂತಹ ಶಾಲೆಗಳು ನಾಸ್ತಿಕತೆಯನ್ನೂ ಸಮಾಜವಾದವನ್ನೂ ಬೆಳೆಸುವುವೆಂದು ಪ್ರಷ್ಯದ ಸರಕಾರವು 1851ರಲ್ಲಿ ಅವುಗಳನ್ನು ನಿಷೇಧಿಸಿತು. ನಿಷೇಧವು 1860ರಲ್ಲಿ ತೆರವಾಯಿತು. ಅದನ್ನು ಕಾಣಲು ಫ್ರೋಬೆಲನು ಬದುಕಿರಲಿಲ್ಲ.

ಆಟವೇ ಎಳೆಯ ಮಗುವಿನ ಜ್ಞಾನಮಾರ್ಗವೆಂಬುದು ಅವನ ತತ್ತ್ವ. ಅದಕ್ಕಾಗಿ ಉಣ್ಣೆಯ ಚೆಂಡು, ಮರದ ಗೋಳ, ಘನ, ಉರುಳೆಗಳನ್ನು 'ಕೊಡುಗೆ'ಗಳೆಂದು ಕರೆದು ಮಕ್ಕಳ ಕೈಗಿತ್ತನು. ಸ್ವೀಡನ್ ಮೊದಲಾದ ಉತ್ತರ ದೇಶಗಳಲ್ಲಿ ಚಳಿಗಾಲವೇ ಇಂತಹದೊಂದು ಕೊಡುಗೆಯಾಯಿತೆಂದು ಹೇಳಬಹುದು. ವರ್ಷದ ಎಲ್ಲ ಋತುಗಳಲ್ಲಿಯೂ ಮಕ್ಕಳನ್ನು ಬಹುಪಾಲು ಬಯಲಿನಲ್ಲಿಯೇ ಬೆಳೆಸುವ ಶಿಶುವಿಹಾರವೊಂದು ಅಲ್ಲಿಯ ಲಿಡಿಂಗೋ ಎಂಬಲ್ಲಿ 1985ರಲ್ಲಿ ಸ್ಥಾಪಿತವಾಯಿತು.

ಹಿಮದ ಆಟದಲ್ಲಿ ಮಗುವಿಗೆ ದೊರೆಯುವುದೇನು? ಸಂಜೆ ಬಕೆಟ್ಟಿನಲ್ಲಿ ನೀರು ತುಂಬಿ, ಒಂದೆರಡು ಎಲೆಗಳನ್ನು ಹಾಕಿ ಹೊರಗಿಟ್ಟರೆ ಬೆಳಗಾಗುವಷ್ಟರಲ್ಲಿ ಅದು ಗಡ್ಡೆಕಟ್ಟಿ ಮೇಲಕ್ಕೆ ಉಬ್ಬಿರುತ್ತದೆ. ನೀರು ಹೆಪ್ಪುಗಟ್ಟುವಾಗ ನೂರಕ್ಕೆ ಸುಮಾರು 9 ಪಾಲು ಹಿಗ್ಗುವುದೇ ಇದಕ್ಕೆ ಕಾರಣ. ಮಂಜುಗಡ್ಡೆಯು ನೀರಿನಲ್ಲಿ ತೇಲುವುದೂ ಇದರಿಂದಲೇ. ಗಡ್ಡೆಯ ಮೇಲೆ ಉಪ್ಪು ಉದುರಿಸಿದರೆ ಅಲ್ಲಲ್ಲಿ ಕುಳಿ ಬೀಳುವುದನ್ನು ಮಗು ಬೆರಳಿಟ್ಟು ನೋಡುತ್ತದೆ. ಪಾತ್ರೆಯ ತುಂಬ ಹಿಮವನ್ನು ಒಳಗೆ ತಂದಿಟ್ಟರೆ ತುಸು ಹೊತ್ತಿನಲ್ಲಿ ತಳದಲ್ಲಿ ಒಂದಿಷ್ಟು ನೀರು ಮಾತ್ರ ಉಳಿಯುತ್ತದೆ; ಅದರಲ್ಲಿ ಮಣ್ಣೂ ಕಸವೂ ಕಾಣುತ್ತವೆ. ಅಗಲವಾದ ಲೋಟದ ನೀರನ್ನು ಕಿರಿದಾದುದಕ್ಕೆ ಸುರಿದಾಗ ನೀರು ಹೆಚ್ಚಿತೆಂದೇ ಈ ವಯಸ್ಸಿನವರು ತಿಳಿಯುವರೆಂದು ಸ್ವಿಟ್ಜರ್ಲೆಂಡಿನ ಜ್ಯಾನ್ ಪಿಯಾಜೆ (1896–1980) ತೋರಿಸಿದನು. ಅಂತಹ ಮಗುವಿಗೆ, ಕರಗಿದ ಹಿಮವು ಎಲ್ಲಿ ಹೋಯಿತೆಂಬುದು ಸಣ್ಣ ಪ್ರಶ್ನೆಯಲ್ಲ. ಉಪಾಧ್ಯಾಯಿನಿಯು ಒಡನೆ ಉತ್ತರ ಹೇಳಿಬಿಟ್ಟರೆ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ. ಆಕೆಯು ಇನ್ನೊಂದು ಪಾತ್ರೆಯನ್ನು ಕೊಟ್ಟು ಸುಮ್ಮನಿದ್ದರೆ ಮಗು ಮತ್ತೆ ಹಿಮ ತುಂಬಿಕೊಂಡು ಬರುತ್ತದೆ. ಆದರೆ ಕೊಳದ ಮೇಲಣ ಹೆಪ್ಪಿನ ವಿಷಯದಲ್ಲಿ ಮೌನವು ಸಲ್ಲದು. ದೊಡ್ಡವರಿಲ್ಲದೆ ಅದರ ಮೇಲೆ ಕಾಲಿಡಬಾರದೆಂದು ಸ್ಪಷ್ಟವಾಗಿಯೇ ಹೇಳತಕ್ಕದ್ದು.

ನಮ್ಮ ನಾಡಿನಲ್ಲಿ ಹೆಪ್ಪುಗಟ್ಟುವ ಕೆರೆಗಳಿಲ್ಲ. ಆದರೆ ಬೇಸಗೆಯ ಗುಡುಗುಮಳೆಯಲ್ಲಿ ಆಲಿಕಲ್ಲು ಬಿದ್ದಾಗ ಅಂಗಳಕ್ಕೆ ಓಡಿ ಆರಿಸಿ, ಅಂಗೈಯಲ್ಲಿ ಅದು ಕರಗುವುದನ್ನು ನೋಡಿ ಬೆರಗಾಗುವ ಮಕ್ಕಳು ನಮ್ಮಲ್ಲಿಯೂ ಇದ್ದಾರೆ. ಆ ಹೊತ್ತಿನಲ್ಲಿ ಕಿಟಕಿ ಮುಚ್ಚಿ, ನಾಲ್ಕು ವರ್ಷದವರಿಂದ ಅಕ್ಷರ ತಿದ್ದಿಸುವ ಶಿಶುವಿಹಾರವು ಪಾಠವನ್ನು ಉಳಿಸಿಕೊಂಡಿತೆಂದು ಭಾವಿಸಬಹುದು. ಕಳೆದುಕೊಂಡಿತೆಂಬುದೇ ನಮ್ಮ ಅಭಿಪ್ರಾಯ. ಪ್ರಷ್ಯದ ಸರಕಾರವು ಆಜ್ಞೆಯಿಂದ ಮಾಡಿದುದನ್ನು ನಾವು ವೇಳಾಪಟ್ಟಿಯಿಂದ ಮಾಡಬಾರದು.