ಭಿತ್ತಿಯ ಮೇಲಿನ ಕಿರುಶಿಖರಗಳು

ಪ್ರಸಿದ್ಧ ಕಟ್ಟಡಗಳನ್ನು ಗಾಜಿನಲ್ಲಿ ಅಂಗೈಯಗಲಕ್ಕೆ ಇಳಿಸುವ ಕುಶಲಕಲೆ ಇಂದು ಪರಿಚಿತವಾದುದು. ಕಾದು ಮೆತ್ತಗಾದಾಗ ಗಾಜು ಕೈಗೆ ಒಗ್ಗುತ್ತದೆ, ಆರಿದ ಮೇಲೆ ಬಿರುಸಾಗುತ್ತದೆ. ಗಣಿಯಿಂದ ಹೊಸದಾಗಿ ತೆಗೆದ ಬಳಪದ ಕಲ್ಲಿನ ಗುಣವೂ ಹೆಚ್ಚುಕಡಿಮೆ ಇಂಥದೇ. ಕಲ್ಯಾಣ ಚಾಲುಕ್ಯರ ಕಾಲದ ರೂವಾರಿಗಳು ಕಟ್ಟಡವನ್ನೇ ಕಟ್ಟಡದ ಆಭರಣವಾಗಿಸಿದ್ದು ಈ ಕಲ್ಲಿನಲ್ಲಿ.

ಹಾವೇರಿಯ ಪಶ್ಚಿಮಾಭಿಮುಖವಾದ ಸಿದ್ಧೇಶ್ವರ, ರಾಣೆಬೆನ್ನೂರು ತಾಲೂಕಿನ ಚೌಡದಾನಪುರದ ಮುಕ್ತೇಶ್ವರ ದೇವಾಲಯಗಳ ಹೊರಭಿತ್ತಿಯಲ್ಲಿ ಅರೆಗಂಬಗಳು ಪುಟ್ಟ ಶಿಖರಗಳನ್ನು ಹೊತ್ತು ನಿಂತಿವೆ. ಇವುಗಳನ್ನು ಬರಿಯ ಅಲಂಕಾರವೆಂದು ಬದಿಗಿಡುವುದು ಸರಿಯೆನಿಸದು. ದ್ರಾವಿಡ ಕ್ರಮದಲ್ಲಿ ವಿಮಾನದ ಒಂದೊಂದು ತಲವೂ ಕೂಟ, ಶಾಲೆಗಳೆಂಬ ಕಿರುಗುಡಿಗಳ ಜೋಡಣೆಯೇ ಆಗಿರುತ್ತದೆ. ಆದ್ದರಿಂದ ಭಿತ್ತಿಯ ಕಿರುಶಿಖರವು ಇಡೀ ಗುಡಿಯ ವಿನ್ಯಾಸಸೂತ್ರವನ್ನೇ ಚಿಕ್ಕದಾಗಿ ಹೇಳುತ್ತದೆ. ಲಕ್ಕುಂಡಿಯ ಕಾಶಿವಿಶ್ವೇಶ್ವರದ ಗೋಡೆಯಲ್ಲಂತೂ ಉತ್ತರದ ನಾಗರ ಶಿಖರವೂ ಕಿರಿದಾಗಿ ಮೂಡಿದೆ. ತಾವು ಕಟ್ಟುತ್ತಿದ್ದ ಗುಡಿ ದ್ರಾವಿಡ ಕ್ರಮದ್ದಾದರೂ ಅನ್ಯಶೈಲಿಯ ಪರಿಚಯ ಈ ರೂವಾರಿಗಳಿಗಿತ್ತೆಂಬುದಕ್ಕೆ ಶಿಲೆಯೇ ಸಾಕ್ಷಿ. (ಶಾಸನಗಳು ಹೆಸರಿಸದ ಶಿಲ್ಪಿಗಳ ತಿಳಿವಳಿಕೆ ಉಳಿದಿರುವುದೂ ಇಂಥಲ್ಲಿಯೇ.)

ಒಡೆದ ಗಾಜಿನ ಗೋಪುರವನ್ನು ಮತ್ತೆ ಮಾಡಬಹುದು. ಗುಡಿಯ ಗೋಡೆಗೆ ಪದರಪದರವಾಗಿ ಸುಣ್ಣ ಬಳಿದರೆ ಮೊದಲು ಮುಚ್ಚಿಹೋಗುವುದು ಈ ಕಿರುಶಿಖರಗಳ ಸೂಕ್ಷ್ಮರೇಖೆಗಳೇ. ಅದನ್ನು ಕೆರೆದು ತೆಗೆಯುವಾಗ ಮೃದುವಾದ ಬಳಪದ ಕಲ್ಲೂ ಸವೆಯುತ್ತದೆ.